ಕಾಫಿ ಕಣದ ಮೇಲೆ ಎಳೆದ ತಂತಿ

ಮಳೆ ನಿಂತು ಹದಿನೈದು ದಿನವಾಗಿತ್ತು. ಮಾದಾಪುರದಿಂದ ಒಳಕ್ಕೆ ಹೋಗುವ ಒಂದು ಎಸ್ಟೇಟ್ ರಸ್ತೆಯಲ್ಲಿ ಏಳು ಮನೆಗಳಿಗೆ ಫೈಬರ್ ಎಳೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆರು ಮನೆಗಳು ರಸ್ತೆಯ ಮಗ್ಗುಲಲ್ಲೇ ಇದ್ದವು. ಏಳನೆಯದು ಮಾತ್ರ ಪಕ್ಕದ ತೋಟದವರು ಕಾಫಿ ಒಣಗಿಸುವ ಕಣದ ಆಚೆ, ಸಣ್ಣ ಏರಿನ ಮೇಲಿತ್ತು. ರಸ್ತೆಯ ಗುಂಟ ಸುತ್ತಿಕೊಂಡು ಹೋದರೆ ಹೊಸದಾಗಿ ನಾಲ್ಕು ಕಂಬ ನೆಡಬೇಕು. ಕಣದ ಮೇಲೆ ಅಡ್ಡ ಹಾಯಿಸಿದರೆ ಒಂದೂ ಬೇಡ. ಕಣದ ಒಂದು ಬದಿಯಲ್ಲಿ ನಮ್ಮ ಕಂಬವಿತ್ತು, ಇನ್ನೊಂದು ಬದಿಯಲ್ಲಿ ಗೋದಾಮಿನ ಸೂರು. ತೋಟದ ಲೆಕ್ಕ ನೋಡುವ ರೈಟರನ್ನು ಕೇಳಿದೆ. 'ಲಾರಿ ಆ ಕಡೆ ಬರೋದಿಲ್ಲ, ಎಳ್ಕೊಳ್ಳಿ' ಅಂದರು. ಎಳೆದೆ. ಸೂರಿನ ಕಡೆ ತಂತಿ ಸ್ವಲ್ಪ ತಗ್ಗಿತು. ಆಗ ಕಣ ಖಾಲಿ ಇತ್ತು, ಸಿಮೆಂಟಿನ ಮೇಲೆ ಪಾಚಿ ಒಣಗುತ್ತಿತ್ತು. ಆ ಜಾಗಕ್ಕೆ ಎರಡು ತಿಂಗಳಲ್ಲಿ ಜನ ಬರುತ್ತಾರೆ, ಅಲ್ಲಿ ಕೆಲಸ ನಡೆಯುತ್ತದೆ ಎಂದು ನಾನು ಯೋಚಿಸಲಿಲ್ಲ.

ಆ ಮನೆಯಲ್ಲಿದ್ದವರು ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರ ತಂದೆ ಬೇರೆ ಬೇರೆ ತೋಟಗಳಲ್ಲಿ ರೈಟರ್ ಆಗಿದ್ದವರು. ಅಕ್ಕ ಬೆಳೆದದ್ದು ಕೂಲಿಯವರ ಲೈನ್‌ಮನೆಗಳ ಮಕ್ಕಳ ಜೊತೆ. ಮನೆಮಾತು ಅರೆಭಾಷೆ. ಮಲಯಾಳ, ತಮಿಳು, ತುಳು, ಉರ್ದು ಆಟ ಆಡುತ್ತಲೇ ಬಂದವು. ಅವರು ಅದನ್ನೇ ಕೆಲಸ ಮಾಡಿಕೊಂಡಿದ್ದರು. ನಗರದ ಡಾಕ್ಟರು ಫೋನಿನಲ್ಲಿ ರೋಗಿಗಳನ್ನು ವಿಚಾರಿಸುವಾಗ ಭಾಷೆ ತಿಳಿಯದಿದ್ದರೆ ನಡುವೆ ಒಬ್ಬ ದುಭಾಷಿ ಬೇಕಲ್ಲ, ಅಂಥವರನ್ನು ಒದಗಿಸುವ ಒಂದು ಸಂಸ್ಥೆಗೆ ಅವರು ಮನೆಯಿಂದಲೇ ದುಡಿಯುತ್ತಿದ್ದರು. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರವರೆಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರಬೇಕು. ಗಂಡ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದುದು ಇದರಿಂದಲೇ.

ಅವರ ಮನೆಯಲ್ಲಿ ಹಳೆಯ ಕಂಪೆನಿಯ ತಾಮ್ರದ ಲೈನ್ ಇತ್ತು. ನಿಧಾನದ್ದು. ಒಂದು ಫೋಟೋ ತೆರೆಯಲು ಅರ್ಧ ನಿಮಿಷ ಬೇಕಾಗುತ್ತಿತ್ತು. ನಾನೇ ಎರಡು ಸಲ ಅವರ ಮನೆಗೆ ಹೋಗಿ ಒಪ್ಪಿಸಿದ್ದೆ.

'ಹಳೇ ತಂತಿ ಬಿಡಿ ಅಕ್ಕ. ನಮ್ಮದು ನೂರು ಎಂಬಿ ಬರ್ತದೆ.'

'ನನಗೆ ನೂರು ಬೇಡ. ಮಾತು ಕಡಿದು ಹೋಗದಿದ್ರೆ ಸಾಕು' ಅಂದರು.

'ನೂರು ಇರೋ ಕಡೆ ಮಾತು ಯಾಕೆ ಕಡೀತದೆ?' ಎಂದಿದ್ದೆ. ನಗುತ್ತಲೇ ಹೇಳಿದ್ದೆ. ಅದು ತಪ್ಪು ಉತ್ತರ ಎಂದು ಆಗ ನನಗೆ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ವೇಗವೇ ಬೇರೆ, ಮಾತು ಕಡಿಯದಿರುವುದೇ ಬೇರೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಗಿರಾಕಿಗಳ ಹತ್ತಿರ ಯಾರೂ ಹಾಗೆ ವಿವರಿಸುವುದಿಲ್ಲ, ಅಷ್ಟೆ.

ಹೊಸ ಲೈನ್ ಹಾಕಿದ ದಿನ ಮನೆಯೊಳಗೆ ಬಂದ ಬೆಳಕಿನ ಬಲವನ್ನು ಮೀಟರಿನಲ್ಲಿ ಅಳೆದೆ. ಮೈನಸ್ ಇಪ್ಪತ್ತು. ಈ ಲೆಕ್ಕದಲ್ಲಿ ಮೈನಸ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಮ್ಮಿ. ಇಪ್ಪತ್ತು ಒಳ್ಳೆಯದು. ಇಪ್ಪತ್ತೇಳು ದಾಟಿದರೆ ಮನೆಯ ಬಾಕ್ಸಿಗೆ ಸರಿಯಾಗಿ ಕಾಣುವುದಿಲ್ಲ. ಸ್ಪೀಡ್ ತೋರಿಸಿದೆ, ತೊಂಬತ್ತನಾಲ್ಕು ಬಂತು. ಅಕ್ಕ ಖುಷಿಪಟ್ಟರು. ಆ ವಾರವೇ ಹಳೆಯ ಲೈನ್ ಬಿಟ್ಟುಕೊಟ್ಟರು.

ಮೊದಲ ದೂರು ಬಂದದ್ದು ಡಿಸೆಂಬರಿನ ನಡುವಿನಲ್ಲಿ. ಮಾತಿನ ನಡುವೆ ಒಂದೊಂದು ಪದ ಹಾರಿಹೋಗುತ್ತದೆ ಎಂದು. ದಿನದ ಉಳಿದ ಕೆಲಸ ಮುಗಿಸಿ ನಾನು ಅಲ್ಲಿಗೆ ಮುಟ್ಟಿದಾಗ ಐದು ಗಂಟೆ. ಮೀಟರ್ ಇಟ್ಟೆ, ಮೈನಸ್ ಇಪ್ಪತ್ತು. ಸ್ಪೀಡ್ ತೊಂಬತ್ತರ ಮೇಲೆ.

'ಲೈನ್ ಚೆನ್ನಾಗಿದೆ ಅಕ್ಕ. ಹೆಡ್‌ಫೋನ್ ಹಳೇದಾಗಿರಬೇಕು.'

ಅವರು ಹೊಸ ಹೆಡ್‌ಫೋನ್ ತಂದರು. ಒಂದು ವಾರ ಕಳೆದು ಮತ್ತೆ ದೂರು. ಆಗಲೂ ನಾನು ಹೋದದ್ದು ಸಂಜೆಯೇ. ವೈಫೈ ಬೇಡ ಎಂದು ಬಾಕ್ಸಿನಿಂದ ಕಂಪ್ಯೂಟರಿಗೆ ನೇರವಾಗಿ ವೈರ್ ಹಾಕಿದೆ. ಹೊರಡುವಾಗ ಅಕ್ಕ ಒಂದು ನೋಟ್‌ಬುಕ್ ತಂದು ಮುಂದೆ ಹಿಡಿದರು.

'ಎಷ್ಟೊತ್ತಿಗೆ ಕಡಿದು ಹೋಗ್ತದೆ ಅಂತ ಬರೆದಿಟ್ಟಿದ್ದೇನೆ. ನೋಡ್ತೀರಾ?'

'ಇರಲಿ ಅಕ್ಕ, ಈಗ ವೈರ್ ಹಾಕಿಯಾಯ್ತಲ್ಲ. ಇನ್ನು ಬರಲ್ಲ' ಎಂದು ಬೈಕ್ ಹತ್ತಿದೆ. ಸೋಮವಾರಪೇಟೆ ಕಡೆಯ ಇನ್ನೊಂದು ಮನೆಯವರು ಮೂರು ಸಲ ಫೋನ್ ಮಾಡಿದ್ದರು.

ಮೂರನೆಯ ದೂರಿಗೆ ನಾನು ಹೋಗಲೇ ಇಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ಆ ಮನೆಯ ಬಾಕ್ಸ್ ಹಸಿರು ತೋರಿಸುತ್ತಿತ್ತು. ಹಸಿರು ಎಂದರೆ ಸಂಪರ್ಕ ಇದೆ ಎಂದು. 'ಲೈನ್ ನಾರ್ಮಲ್' ಎಂದು ಬರೆದು ದೂರನ್ನು ಮುಚ್ಚಿದೆ.

ಜನವರಿಯಲ್ಲಿ ನಮ್ಮ ಮಾಲೀಕರು ನನ್ನನ್ನು ಕರೆದರು. ಅವರದು ಸಣ್ಣ ಕಂಪೆನಿ, ನಾವು ಮೂರು ಜನ ಲೈನ್‌ನವರು. 'ಆ ಅಕ್ಕನ ಆಫೀಸಿನಿಂದ ಮೇಲ್ ಬಂದಿದೆ. ಅವರ ಲೈನ್ ಹೇಗಿದೆ ಅಂತ ರಿಪೋರ್ಟ್ ಕೇಳ್ತಿದ್ದಾರೆ. ಮೂರು ಸಲ ನೋಡಿದವನು ನೀನು. ಬರೆದುಕೊಡು' ಅಂದರು. ಏಕೆ ಕೇಳಿದ್ದಾರೆ ಎಂದು ಮೇಲ್‌ನಲ್ಲಿ ಇರಲಿಲ್ಲ. ನಾನೂ ಅಕ್ಕನಿಗೆ ಫೋನ್ ಮಾಡಿ ವಿಚಾರಿಸಲಿಲ್ಲ. ಎರಡು ಸಂಜೆಗಳ ಸ್ಪೀಡ್ ಟೆಸ್ಟಿನ ಚಿತ್ರ ಸೇರಿಸಿ, 'ವೇಗ ಸರಿಯಾಗಿದೆ, ಲೈನ್‌ನಲ್ಲಿ ಯಾವುದೇ ದೋಷ ಕಂಡುಬಂದಿಲ್ಲ' ಎಂದು ಬರೆದು ಸಹಿ ಹಾಕಿ ಕೊಟ್ಟೆ. ಹತ್ತು ನಿಮಿಷದ ಕೆಲಸ.

ಹತ್ತು ದಿನ ಬಿಟ್ಟು ಅಕ್ಕ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

'ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಬರ್ತೀರಾ? ಸಂಜೆ ಬೇಡ.'

'ಏನಾಯ್ತು ಅಕ್ಕ, ಮತ್ತೆ ಕಡೀತಾ?'

'ಕೆಲಸದಿಂದ ತೆಗೆದ್ರು. ಅದಕ್ಕಲ್ಲ ಕರೆದದ್ದು. ನನ್ನ ಕಿವಿ ಹೋಗಿದೆಯೋ, ಲೈನ್ ಹೋಗಿದೆಯೋ ಅಂತ ನನಗೆ ಗೊತ್ತಾಗಬೇಕು.'

ಮರುದಿನ ಒಂಬತ್ತೂವರೆಗೇ ಹೋದೆ. ಲೈನ್ ಹಾಕಿದ ಮೇಲೆ ಆ ಹೊತ್ತಿನಲ್ಲಿ ನಾನು ಆ ದಾರಿಗೆ ಹೋದದ್ದು ಅದೇ ಮೊದಲು. ಅಕ್ಕ ಕಾಫಿ ಕೊಟ್ಟರು. ಮುಖ ಬಾಡಿತ್ತು. ನಡೆದದ್ದನ್ನು ಮೇಜಿನ ಎದುರು ಕೂತು ಒಂದೊಂದಾಗಿ ಹೇಳಿದರು.

ಡಿಸೆಂಬರಿನ ಕೊನೆಯ ಒಂದು ಮಧ್ಯಾಹ್ನ, ಮಲಯಾಳ ಮಾತಾಡುವ ಒಬ್ಬ ಅಜ್ಜಿಯ ಕರೆ ಬಂದಿತ್ತು. ಡಾಕ್ಟರು ಕನ್ನಡದವರು. ಅಜ್ಜಿಗೆ ಬಹಳ ದಿನದ ಕೆಮ್ಮು. ಮಾತು ನಡುನಡುವೆ ಕಡಿಯುತ್ತಿತ್ತು. ಅಕ್ಕ ಮೂರು ಸಲ 'ಇನ್ನೊಮ್ಮೆ ಹೇಳಿ' ಎಂದು ಕೇಳಿದರು. ಡಾಕ್ಟರಿಗೆ ಬೇಸರ ಬಂತು. 'ಸ್ವಲ್ಪ ಬೇಗ ಆಗಲಿ, ಇನ್ನೂ ಜನ ಕಾಯ್ತಿದ್ದಾರೆ' ಅಂದರು. ಆಮೇಲೆ ಅಜ್ಜಿ ಇನ್ನೇನೋ ಹೇಳಿದರು. ಅಕ್ಕನಿಗೆ ಕೇಳಿಸಿದ್ದು 'ಕೆಮ್ಮುವಾಗ' ಎಂಬ ಒಂದು ಮಾತು, ನಡುವೆ ಖಾಲಿ, ಆಮೇಲೆ 'ಎರಡು ಸಲ'. ನಾಲ್ಕನೆಯ ಸಲ ಕೇಳಲು ಬಾಯಿ ಬರಲಿಲ್ಲ. 'ದಿನಕ್ಕೆ ಎರಡು ಸಲ ಕೆಮ್ಮು ಬರ್ತದಂತೆ' ಎಂದು ಡಾಕ್ಟರಿಗೆ ಹೇಳಿದರು. ಡಾಕ್ಟರು ಸಿರಪ್ ಬರೆದರು.

ಎರಡು ವಾರ ಕಳೆದು ಅಜ್ಜಿಯ ಮನೆಯವರು ಮತ್ತೆ ಕರೆ ಮಾಡಿದ್ದಾರೆ. ಆ ದಿನ ಇದ್ದದ್ದು ಬೇರೆ ದುಭಾಷಿ. 'ಕೆಮ್ಮುವಾಗ ರಕ್ತ ಬಂತು, ಎರಡು ಸಲ ಬಂತು ಅಂತ ಆವತ್ತೇ ಹೇಳಿದ್ದೆವಲ್ಲ' ಎಂದಿದ್ದಾರೆ. ಸಂಸ್ಥೆಯವರು ಹಳೆಯ ಕರೆಯ ರೆಕಾರ್ಡಿಂಗ್ ತೆಗೆದು ಕೇಳಿದ್ದಾರೆ. ಅದರಲ್ಲಿ ರಕ್ತ ಎನ್ನುವ ಮಾತು ಸ್ಪಷ್ಟವಾಗಿ ಇದೆ.

'ನನಗೂ ಕೇಳಿಸಿದ್ರು' ಅಂದರು ಅಕ್ಕ. 'ಅಷ್ಟು ಸ್ಪಷ್ಟ ಉಂಟು. ಆದ್ರೆ ಆವತ್ತು ನನ್ನ ಕಿವಿಗೆ ಅದು ಬರಲೇ ಇಲ್ಲ. ಲೈನ್ ಸರಿ ಇರಲಿಲ್ಲ ಅಂತ ಹೇಳಿದೆ. ಅದಕ್ಕೇ ನಿಮ್ಮ ಆಫೀಸಿಗೆ ಬರೆದು ಕೇಳಿದ್ದು. ನಿಮ್ಮ ರಿಪೋರ್ಟ್ ನನ್ನ ಮುಂದೆ ಇಟ್ರು.'

ಕಾಫಿ ಲೋಟ ಕೈಯಲ್ಲೇ ಇತ್ತು. ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಆ ರೆಕಾರ್ಡಿಂಗ್ ಏಕೆ ಸ್ಪಷ್ಟವಾಗಿತ್ತು ಎನ್ನುವುದು ನನಗೆ ಕೂಡಲೇ ಹೊಳೆಯಿತು. ರೆಕಾರ್ಡ್ ಆಗುವುದು ಸಂಸ್ಥೆಯ ಸರ್ವರಿನಲ್ಲಿ. ಅಜ್ಜಿಯ ದನಿ ಅಲ್ಲಿಗೆ ಸರಿಯಾಗಿಯೇ ಹೋಗಿದೆ. ಅಲ್ಲಿಂದ ಈ ಮನೆಗೆ ಬರುವ ದಾರಿಯಲ್ಲಿ ಏನಾದರೂ ಬಿದ್ದುಹೋದರೆ ಅದು ರೆಕಾರ್ಡಿಂಗ್‌ನಲ್ಲಿ ಕಾಣುವುದೇ ಇಲ್ಲ. ಅಕ್ಕನ ಹೊರತು ಬೇರೆ ಯಾರಿಗೂ ತಿಳಿಯುವುದಿಲ್ಲ.

ಬಾಕ್ಸಿನ ಹಿಂದಿನ ಹಳದಿ ವೈರ್ ಕಳಚಿ ಮೀಟರಿಗೆ ಸಿಕ್ಕಿಸಿದೆ. ಮೈನಸ್ ಇಪ್ಪತ್ತೊಂದು. ಸರಿಯಾಗಿಯೇ ಇತ್ತು. ನೋಡುತ್ತಾ ನಿಂತೆ. ಹತ್ತೂಕಾಲರ ಹೊತ್ತಿಗೆ ಸಂಖ್ಯೆ ಕದಲಿತು. ಇಪ್ಪತ್ತಮೂರು. ಇಪ್ಪತ್ತಾರು. ಇಪ್ಪತ್ತೆಂಟಕ್ಕೆ ಹೋಯಿತು, ಮತ್ತೆ ಇಪ್ಪತ್ತೈದಕ್ಕೆ ಬಂತು. ಒಂದು ಕಡೆ ನಿಲ್ಲಲಿಲ್ಲ.

ವೈರ್ ವಾಪಸ್ ಹಾಕಿ ಸ್ಪೀಡ್ ನೋಡಿದೆ. ಮೊದಲ ಸಲ ಎಪ್ಪತ್ತೊಂದು, ಎರಡನೆಯ ಸಲ ಎಂಬತ್ತೆಂಟು. ಅಂಥದ್ದನ್ನು ನೋಡಿದರೆ ಯಾರೂ ದೋಷ ಎನ್ನುವುದಿಲ್ಲ. ಆಮೇಲೆ ಪಿಂಗ್ ಹಾಕಿದೆ. ಎಂದರೆ ಸೆಕೆಂಡಿಗೆ ಒಂದರಂತೆ ಸಣ್ಣ ತುಣುಕೊಂದನ್ನು ಕಳಿಸಿ ಅದು ತಿರುಗಿ ಬಂತೇ ಎಂದು ನೋಡುವುದು. ಇನ್ನೂರು ಕಳಿಸಿದೆ. ಇಪ್ಪತ್ತಮೂರು ಬರಲಿಲ್ಲ. ಅವು ಬಿಡಿಬಿಡಿಯಾಗಿ ಹೋಗಿರಲಿಲ್ಲ, ಎರಡು ಮೂರು ಒಟ್ಟಿಗೆ ಹೋಗಿದ್ದವು. ಅಷ್ಟರಲ್ಲಿ ಒಂದು ಪದ ಹೋಗುತ್ತದೆ.

'ನಿಮ್ಮ ಕಿವಿ ಸರಿಯಾಗಿದೆ ಅಕ್ಕ' ಎಂದೆ. 'ಲೈನ್ ಸರಿಯಿಲ್ಲ.'

'ಮತ್ತೆ ಇಷ್ಟು ದಿನ ಸ್ಪೀಡ್ ಬಂತಲ್ಲ?'

ಅವರಿಗೆ ಬಿಡಿಸಿ ಹೇಳಿದೆ. ನಾವು ಏನನ್ನಾದರೂ ಡೌನ್‌ಲೋಡ್ ಮಾಡುವಾಗ ನಡುವೆ ಒಂದು ತುಣುಕು ಕಳೆದರೆ ಕಂಪ್ಯೂಟರ್ ಅದನ್ನು ಮತ್ತೆ ಕೇಳಿ ತರಿಸಿಕೊಳ್ಳುತ್ತದೆ. ನಮಗೆ ತಿಳಿಯುವುದೂ ಇಲ್ಲ. ಸ್ಪೀಡ್ ಟೆಸ್ಟ್ ಮಾಡುವುದೂ ಹಾಗೆಯೇ. ಮಾತಿಗೆ ಅಷ್ಟು ಹೊತ್ತು ಕಾಯಲು ಆಗುವುದಿಲ್ಲ. ಆ ಕ್ಷಣಕ್ಕೆ ಬಾರದಿದ್ದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಅಕ್ಕ ಕೇಳಿಸಿಕೊಂಡರು. ಆಮೇಲೆ ಎದ್ದು ಆ ನೋಟ್‌ಬುಕ್ ತಂದುಕೊಟ್ಟರು. ಈ ಸಲ ನಾನು ಕೂತು ಓದಿದೆ.

ಎಲ್ಲವೂ ಬೆಳಿಗ್ಗೆ ಹತ್ತರ ನಂತರ, ಸಂಜೆ ನಾಲ್ಕರ ಒಳಗೆ. ಗಾಳಿ ಇದ್ದ ದಿನ ಹೆಚ್ಚು. ಎರಡು ದಿನಗಳ ಎದುರು ಮಾತ್ರ 'ತೊಂದರೆ ಇಲ್ಲ. ಮೋಡ' ಎಂದಿತ್ತು. ಮೋಡಕ್ಕೂ ಫೈಬರಿಗೂ ಏನು ಸಂಬಂಧ? ನೋಟ್‌ಬುಕ್ ಹಿಡಿದುಕೊಂಡೇ ಹೊರಗೆ ಬಂದು ತಂತಿಯ ಜಾಡು ಹಿಡಿದು ಏರು ಇಳಿದೆ.

ಕಣದ ತುಂಬ ಕಾಫಿ ಹರಡಿತ್ತು. ಇಬ್ಬರು ಹೆಂಗಸರು ಹಲುಬೆಯಂಥ ಮರದ ಹಲಗೆಯಿಂದ ಅದನ್ನು ಎಳೆದು ಮಗುಚುತ್ತಿದ್ದರು. ರಾತ್ರಿಯ ಇಬ್ಬನಿ ತಾಗದಂತೆ ಕಾಫಿಗೆ ಹೊದಿಸುವ ಟಾರ್ಪಾಲುಗಳು ಒದ್ದೆಯಾಗಿದ್ದವು. ಅವನ್ನು ಒಣಗಲು ಹಾಕಿದ್ದರು. ನನ್ನ ತಂತಿಯ ಮೇಲೆ. ನಾಲ್ಕು ದೊಡ್ಡ ನೀಲಿ ಟಾರ್ಪಾಲುಗಳು. ತಂತಿ ಹೆಂಗಸರ ಎದೆಯ ಮಟ್ಟಕ್ಕೆ ಇಳಿದಿತ್ತು. ಒಳಗೆ ಉಕ್ಕಿನ ಎಳೆ ಇದ್ದುದರಿಂದ ತುಂಡಾಗಿರಲಿಲ್ಲ. ಸೂರಿನ ಕ್ಲಾಂಪ್ ಹತ್ತಿರ ಮಾತ್ರ ಮೊಣಕೈಯ ಹಾಗೆ ಮಡಚಿಕೊಂಡಿತ್ತು. ಅಷ್ಟು ಮಡಚಿದರೆ ಬೆಳಕು ಒಳಗೆ ನಿಲ್ಲುವುದಿಲ್ಲ, ಹೊರಗೆ ಸೋರುತ್ತದೆ. ಗಾಳಿಗೆ ಟಾರ್ಪಾಲು ಹಾರಿದಾಗಲೆಲ್ಲ ಆ ಮಡಿಕೆ ಇನ್ನಷ್ಟು ಬಿಗಿಯುತ್ತಿತ್ತು.

'ಇದನ್ನ ಯಾವಾಗಿಂದ ಇಲ್ಲಿ ಹಾಕ್ತಿದ್ದೀರಿ?' ಎಂದು ಒಬ್ಬಾಕೆಯನ್ನು ಕೇಳಿದೆ.

'ಕಣ ಶುರುವಾದಾಗಿಂದ. ಅದಕ್ಕೇ ಕಟ್ಟಿದ್ದು ಅಂದ್ಕೊಂಡ್ವಿ' ಅಂದರು. ಆಮೇಲೆ ನನ್ನ ಮುಖ ನೋಡಿ, 'ಯಾಕಣ್ಣ, ಕರೆಂಟ್ ಉಂಟಾ ಅದರಲ್ಲಿ?' ಎಂದರು.

'ಇಲ್ಲ. ಸಂಜೆ ಎಷ್ಟೊತ್ತಿಗೆ ತೆಗೀತೀರಿ?'

'ನಾಲ್ಕು ಗಂಟೆಗೆ ಕಾಫಿ ರಾಶಿ ಮಾಡಿ ಮುಚ್ಚಬೇಕಲ್ಲ.'

'ಮೋಡ ಇದ್ರೆ?'

'ಮೋಡ ಇದ್ರೆ ಕಾಫಿ ಮೇಲಿಂದ ತೆಗೆಯೋದೇ ಇಲ್ಲ. ಹಾಗೇ ಮುಚ್ಚಿ ಬಿಡ್ತೇವೆ.'

ಅವರ ತಪ್ಪು ಇದರಲ್ಲಿ ಏನೂ ಇರಲಿಲ್ಲ. ಕೈಗೆ ಎಟಕುವ ಹಾಗೆ ಎಳೆದವನು ನಾನು. ನಾಲ್ಕು ಕಂಬ ಉಳಿಸಿದವನು ನಾನು. ಐದು ಗಂಟೆಗೆ ಬಂದು ಎಲ್ಲ ಸರಿ ಇದೆ ಎಂದವನೂ ನಾನೇ. ಒಂದೊಂದಾಗಿ ಟಾರ್ಪಾಲು ಇಳಿಸಲು ಹೆಂಗಸರೂ ಕೈಹಾಕಿದರು. ಮಡಿಕೆಯ ಫೋಟೋ ತೆಗೆದುಕೊಂಡೆ. ಮೇಲೆ ಹೋಗಿ ಮತ್ತೆ ಅಳೆದಾಗ ಮೈನಸ್ ಇಪ್ಪತ್ತೊಂದು ಇತ್ತು.

ಅಕ್ಕನಿಗೆ ಹೇಳಬೇಕಾದ್ದನ್ನೆಲ್ಲ ಅಲ್ಲೇ ನಿಂತು ಹೇಳಿದೆ. ತಂತಿ ಎಳೆದದ್ದು ಹೇಗೆ, ಏಕೆ ಎಂಬುದನ್ನೂ ಹೇಳಿದೆ. ಅವರು ಕಿಟಕಿಯಿಂದ ಕೆಳಗೆ ಕಣದ ಕಡೆ ನೋಡುತ್ತಿದ್ದರು.

'ದಿನಾ ಇಲ್ಲಿಂದ ನೋಡ್ತಿದ್ದೆ' ಅಂದರು. 'ನೀಲಿ ಬಣ್ಣ ಕಾಣ್ತಿತ್ತು. ಅದು ನಮ್ಮ ತಂತಿ ಅಂತ ಗೊತ್ತೇ ಇರಲಿಲ್ಲ.'

ಮಧ್ಯಾಹ್ನ ಆಫೀಸಿಗೆ ಹೋಗಿ ಮುಖ್ಯ ಯಂತ್ರದ ಹಳೆಯ ದಾಖಲೆ ತೆಗೆದೆ. ಪ್ರತಿ ಮನೆಯ ಬಾಕ್ಸಿಗೆ ಬೆಳಕು ಎಷ್ಟು ಮುಟ್ಟುತ್ತಿದೆ ಎನ್ನುವುದು ಅದರಲ್ಲಿ ಕಾಲು ಗಂಟೆಗೊಮ್ಮೆ ಬರೆದಿರುತ್ತದೆ. ಲೈನ್ ಹಸಿರು ಇರುವವರೆಗೆ ಯಾರೂ ಅದನ್ನು ತೆರೆದು ನೋಡುವುದಿಲ್ಲ. ಡಿಸೆಂಬರಿನಿಂದ, ಮೋಡದ ದಿನಗಳನ್ನು ಬಿಟ್ಟು, ಒಂದೊಂದು ದಿನವೂ ಬೆಳಕು ಬೆಳಿಗ್ಗೆ ಹತ್ತು ಗಂಟೆಗೆ ಇಳಿದು ಸಂಜೆ ನಾಲ್ಕಕ್ಕೆ ಏರಿತ್ತು. ಅಜ್ಜಿಯ ಕರೆ ಬಂದ ಮಧ್ಯಾಹ್ನ ಮೈನಸ್ ಇಪ್ಪತ್ತೆಂಟು ಇತ್ತು. ನಾನು ಮೂರನೆಯ ದೂರು ಮುಚ್ಚಿದ ದಿನ ಇದೇ ಕುರ್ಚಿಯಲ್ಲಿ ಕೂತು ಈ ಪುಟ ತೆರೆದಿದ್ದರೆ ಸಾಕಿತ್ತು. ಆ ದಿನಕ್ಕೂ ಆ ಕರೆಗೂ ನಡುವೆ ಎರಡು ದಿನ ಇದ್ದವು.

ಮಾಲೀಕರಿಗೆ ಎಲ್ಲವನ್ನೂ ತೋರಿಸಿದೆ. ಅವರು ಬಹಳ ಹೊತ್ತು ಪರದೆ ನೋಡಿದರು.

'ಕಂಬ ಹಾಕಿ ಲೈನ್ ರಸ್ತೆ ಕಡೆಯಿಂದ ತಗೊಂಡು ಹೋಗು. ನಾಳೆಯೇ ಮಾಡು' ಅಂದರು.

'ಮಾಡ್ತೀನಿ ಸರ್. ಅದರ ಜೊತೆಗೆ ಅವರ ಆಫೀಸಿಗೆ ಬೇರೆ ರಿಪೋರ್ಟ್ ಕೊಡಬೇಕು. ಮೊದಲನೇದು ಸುಳ್ಳಾಯ್ತು.'

'ಸುಳ್ಳು ಯಾಕೆ ಮಾರಾಯ? ನೀನು ನೋಡಿದಾಗ ಸರಿ ಇತ್ತು, ಸರಿ ಇದೆ ಅಂತ ಬರೆದೆ.'

'ಸಂಜೆ ನೋಡಿದೆ ಅಂತ ಬರೀಲಿಲ್ಲ ಸರ್. ಅವರು ಕೆಲಸ ಮಾಡೋ ಹೊತ್ತಲ್ಲಿ ನಾನು ಒಂದು ದಿನವೂ ನೋಡಿಲ್ಲ.'

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟವರಲ್ಲ. ಸಣ್ಣ ಊರಿನಲ್ಲಿ ಸಣ್ಣ ಕಂಪೆನಿ ನಡೆಸುವವರು. 'ಆಸ್ಪತ್ರೆ ವಿಷಯ ಇದು. ನಾಳೆ ಆ ಅಜ್ಜಿಗೆ ಹೆಚ್ಚುಕಮ್ಮಿ ಆದ್ರೆ ನಮ್ಮ ಬಾಗಿಲಿಗೆ ಬರ್ತಾರೆ. ನಮ್ಮ ಲೆಟರ್‌ಹೆಡ್‌ನಲ್ಲಿ ನಾನು ಬರೆದುಕೊಡಲ್ಲ.'

ಅಂದು ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಕೆಲಸ ಹೋಗಬಹುದು ಎಂದೂ ಹೇಳಿದೆ. ನಮ್ಮದು ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರ ಬಂದು ನೆಲೆಸಿದ ಕುಟುಂಬ. ಗದ್ದೆಯನ್ನು ಅಣ್ಣ ನೋಡಿಕೊಳ್ಳುತ್ತಾನೆ, ನನಗಿರುವುದು ಈ ಕೆಲಸ ಒಂದೇ. ಅವಳು ಅಕ್ಕಿ ಆರಿಸುತ್ತಿದ್ದಳು. 'ಆ ಅಕ್ಕನದ್ದು ಹೋಗಿ ಆಯ್ತಲ್ಲ' ಎಂದಳು, ಅಷ್ಟೆ.

ಬೆಳಿಗ್ಗೆ ಮಾಲೀಕರ ಎದುರು ನಿಂತು, 'ಲೆಟರ್‌ಹೆಡ್ ಬೇಡ ಸರ್. ಹಿಂದಿನದಕ್ಕೆ ಸಹಿ ಮಾಡಿದ್ದು ನಾನು. ಇದನ್ನೂ ನನ್ನ ಹೆಸರಲ್ಲೇ ಬರೀತೀನಿ. ದಾಖಲೆ ಮಾತ್ರ ನಿಮ್ಮ ಯಂತ್ರದ್ದು, ಅದಕ್ಕೆ ಒಪ್ಪಿಗೆ ಕೊಡಿ' ಎಂದೆ. ಅವರು ಎದ್ದು ಹೊರಗೆ ಹೋದರು. ಕಂಪ್ಯೂಟರನ್ನು ಮಾತ್ರ ಮುಚ್ಚಿ ಹೋಗಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಬಿಳಿ ಹಾಳೆಯಲ್ಲಿ ಎರಡು ಪುಟ ಬರೆದೆ. ಸ್ಪೀಡ್ ನೋಡಿದ ಹೊತ್ತು, ತಂತಿ ಎಳೆದ ದಾರಿ, ಟಾರ್ಪಾಲು, ಮಡಿಕೆ, ಪಿಂಗ್‌ನಲ್ಲಿ ಕಳೆದ ತುಣುಕುಗಳು, ರೆಕಾರ್ಡಿಂಗ್‌ನಲ್ಲಿ ಇದ್ದರೂ ಮನೆಗೆ ಮಾತು ಮುಟ್ಟದೆ ಇರುವುದು ಹೇಗೆ ಸಾಧ್ಯ ಎಂಬುದು. ಕೊನೆಯಲ್ಲಿ, 'ಈ ದೋಷ ನನ್ನ ಕೆಲಸದಿಂದ ಆದದ್ದು. ಈ ಹಿಂದೆ ದೋಷವಿಲ್ಲ ಎಂದು ನಾನು ಬರೆದುಕೊಟ್ಟದ್ದು ತಪ್ಪು' ಎಂದು ಸೇರಿಸಿ ಸಹಿ ಮಾಡಿದೆ. ದಾಖಲೆಯ ಪುಟಗಳನ್ನೂ ಫೋಟೋವನ್ನೂ ಲಗತ್ತಿಸಿ ಕಳಿಸಿದೆ.

ಆ ವಾರ ನಾಲ್ಕು ಕಂಬ ನೆಟ್ಟೆ. ಕಣದ ಮೇಲಿನ ತಂತಿ ಕಳಚಿ ಸುತ್ತಿದೆ. ಹೊಸ ದಾರಿಯಲ್ಲಿ ಮೈನಸ್ ಹತ್ತೊಂಬತ್ತು ಬಂತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಹೋಗಿ ಸಾವಿರ ಸಾವಿರ ಪಿಂಗ್ ಹಾಕಿ ನೋಡಿದೆ. ಒಂದೂ ಕಳೆಯಲಿಲ್ಲ. ಆ ರಸ್ತೆಯಲ್ಲಿ ಅಷ್ಟು ಒಳ್ಳೆಯ ಲೈನ್ ಬೇರೆ ಮನೆಗೆ ಇರಲಿಲ್ಲ. ಅಕ್ಕನ ಕಂಪ್ಯೂಟರಿನ ಮೇಲೆ ಒಂದು ಟವೆಲ್ ಹೊದಿಸಿತ್ತು.

ಸಂಸ್ಥೆಯ ಉತ್ತರ ಬರಲು ಒಂದೂವರೆ ತಿಂಗಳು ಬೇಕಾಯಿತು. ಅಕ್ಕನಿಗೆ ಬಂದಿತ್ತು, ನನಗೊಂದು ಪ್ರತಿ. ಅವರ ಮೇಲಿನ ಆರೋಪ ಕೈಬಿಡಲಾಗಿದೆ, ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಗಿದೆ, ಮುಂದೆ ಜಾಗ ಖಾಲಿಯಾದಾಗ ಅರ್ಜಿ ಹಾಕಬಹುದು ಎಂದಿತ್ತು. ಅದನ್ನು ಹಿಡಿದು ಅವರ ಮನೆಗೆ ಹೋದೆ. ಅಷ್ಟರಲ್ಲಿ ಅಕ್ಕ ಸುಂಟಿಕೊಪ್ಪದ ಒಂದು ಬಟ್ಟೆ ಅಂಗಡಿಗೆ ಹೋಗಲು ಶುರುಮಾಡಿದ್ದರು. ಅಂದು ಅಂಗಡಿಗೆ ರಜೆ.

'ಅರ್ಜಿ ಹಾಕಿ ಅಕ್ಕ. ಲೈನ್ ಬಗ್ಗೆ ನಾನು ಜವಾಬ್ದಾರಿ' ಎಂದೆ.

'ಬೇಡ' ಅಂದರು. 'ಮಾತು ಬೀಳಿಸಿದ್ದು ನಿಮ್ಮ ಲೈನ್ ಇರಬಹುದು. ಬಿದ್ದ ಜಾಗಕ್ಕೆ ನನ್ನ ಮಾತು ತುಂಬಿದ್ದು ನಾನು. ದಿನಕ್ಕೆ ಅನ್ನೋ ಮಾತು ಆ ಅಜ್ಜಿ ಹೇಳಲೇ ಇಲ್ಲ. ಅದು ನಾನೇ ಸೇರಿಸಿದ್ದು. ನಾಲ್ಕನೇ ಸಲ ಕೇಳಬೇಕಿತ್ತು.'

'ಡಾಕ್ಟರು ಅವಸರ ಮಾಡಿದ್ರು ಅಂದ್ರಲ್ಲ.'

'ಕೇಳಬೇಕಿತ್ತು' ಎಂದರು ಮತ್ತೆ.

ಅಜ್ಜಿ ಈಗ ಹೇಗಿದ್ದಾರೆ ಎಂದು ವಿಚಾರಿಸಿದೆ. ಅಕ್ಕನಿಗೆ ಗೊತ್ತಿರಲಿಲ್ಲ. ಅವರ ಕೆಲಸದಲ್ಲಿ ರೋಗಿಯ ಹೆಸರು, ಊರು ಯಾವುದನ್ನೂ ಹೇಳುವುದಿಲ್ಲ. ದನಿ ಮಾತ್ರ ಬರುತ್ತದೆ. ಸಂಸ್ಥೆಯನ್ನು ಎರಡು ಸಲ ಕೇಳಿದರಂತೆ, ಹೇಳುವ ಹಾಗಿಲ್ಲ ಎಂದರಂತೆ.

'ಆ ಕರೆ ಮುಗಿಯೋವಾಗ ಅಜ್ಜಿ ನನ್ನ ಹತ್ತಿರ ಬೇರೆಯಾಗಿ ಮಾತಾಡಿದ್ರು' ಅಂದರು ಅಕ್ಕ. 'ಡಾಕ್ಟರ್ ಹೋಗಿ ಆಗಿತ್ತು. ನಾನು ಹೇಳಿದ್ದನ್ನೆಲ್ಲ ನೀನು ಸರಿಯಾಗಿ ಅವರಿಗೆ ತಿಳಿಸಿದೆ ಮಗಳೇ, ನಿನಗೆ ಒಳ್ಳೇದಾಗಲಿ ಅಂತ.'

ಅಕ್ಕ ಆ ಉತ್ತರದ ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು.

'ಅದೊಂದು ಮಾತು ಸ್ವಲ್ಪವೂ ಕಡಿದು ಹೋಗಲಿಲ್ಲ.'